ರಮಾಕಾಂತಣ್ಣನ ಹೊರೆಕಾಣಿಕೆ

“ಇಷ್ಟು ದೊಡ್ಡ ಗೇರುಬೀಜ ಪಾಯಸಕ್ಕೆ ಹಾಕ್ಲಿಕ್ಕೆ ಮನಸ್ಸೇ ಬರುದಿಲ್ಲ ನಳಿನಕ್ಕ,” ಎಂದಳು ಮುಕ್ತಾ. “ಒಂದನ್ನು ಎರಡು ಮಾಡಿ ಹಾಕುವ ಅಂತ ಉಂಟು. ನೀವು ಎಂತ ಹೇಳ್ತೀರಿ?”

ನಾನು ಕೈಯಲ್ಲಿದ್ದ ಪ್ಯಾಕೆಟ್ಟನ್ನೇ ನೋಡುತ್ತಿದ್ದೆ.

ಡೊಂಬಿವಲಿ ಪಶ್ಚಿಮದ ನಮ್ಮ ದೇವಿ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆಂದು ಭಕ್ತರು ಮೆರವಣಿಗೆಯಲ್ಲಿ ತಂದೊಪ್ಪಿಸಿದ ದಿನಸಿ, ಅಂದರೆ ಹೊರೆಕಾಣಿಕೆ, ಉಗ್ರಾಣದ ಸೂರು ಮುಟ್ಟಿತ್ತು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸೌತೆ, ಕುಂಬಳಕಾಯಿ. ಮುಕ್ತಾ ಆ ಉಗ್ರಾಣದ ಯಜಮಾನಿ; ಅವಳ ಅಪ್ಪಣೆಯಿಲ್ಲದೆ ಒಂದು ಒಣಮೆಣಸೂ ಹೊರಗೆ ಹೋಗದು. ನನ್ನ ಕಸುಬು ಪತ್ತೇದಾರಿಕೆ. ಆದರೆ ಈ ಭಾನುವಾರ ಬೆಳಗ್ಗೆ ನನ್ನ ಪಾಳಿ ಇದ್ದದ್ದು ತರಕಾರಿ ಹೆಚ್ಚುವುದಕ್ಕೆ. ಕೇಸು ಎಷ್ಟೇ ದೊಡ್ಡದಿರಲಿ, ದೇವಸ್ಥಾನದ ಪಾಳಿ ತಪ್ಪಿಸಿಕೊಂಡವಳನ್ನು ಇಲ್ಲಿನ ಹೆಂಗಸರು ವರ್ಷವಿಡೀ ಮಾತಿನಲ್ಲೇ ಹೆಚ್ಚುತ್ತಾರೆ.

ವಾರವಿಡೀ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ, ವಾಶಿಯ ಮಂಡಿಯಲ್ಲಿ ಬಿಸಿಲಿಗೆ ಬೆಂದು ನಾನು ಹುಡುಕಿದ್ದು ಇದೇ ಗೇರುಬೀಜವನ್ನು. ಅದು ನೋಡಿದರೆ ಕುಂಬಳಕಾಯಿಗಳ ಪಕ್ಕದಲ್ಲಿ ಹಾಯಾಗಿ ಕೂತಿತ್ತು.

ಪ್ಯಾಕೆಟ್ಟಿನ ಲೇಬಲ್ಲನ್ನು ಯಾರೋ ಕಿತ್ತಿದ್ದರು. ಅಂಟು ಮಾತ್ರ ಉಳಿದಿತ್ತು. ಆದರೆ ಬಿಸಿ ಕೊಟ್ಟು ಬಾಯಿ ಮುಚ್ಚಿದ ಅಂಚಿನ ಮೇಲೆ ಹೆಬ್ಬೆರಳು ಎಳೆದರೆ ಏನೋ ತಡೆಯಿತು. ಬೆಳಕಿಗೆ ಹಿಡಿದೆ. ಒತ್ತಿದ ಅಕ್ಷರಗಳು: ಇಂಗ್ಲಿಷಿನ ಎಂ, ಕೆ, ಅದರ ಪಕ್ಕ ಏಳು.

“ಇದು ಯಾರು ಕೊಟ್ಟದ್ದು ಮುಕ್ತಾ?”

“ನಮ್ಮ ರಮಾಕಾಂತಣ್ಣ. ಪೆಟ್ಟಿಗೆಗಟ್ಟಲೆ ಕೊಟ್ಟಿದ್ದಾರೆ ಪಾಪ. ಈ ಸಲದ ಹೊರೆಕಾಣಿಕೆಯಲ್ಲಿ ಅವರದ್ದೇ ದೊಡ್ಡದು. ಊಟಕ್ಕೆ ಮೊದಲು ಸ್ಟೇಜಿನಲ್ಲಿ ಶಾಲು ಹೊದೆಸ್ಲಿಕ್ಕೆ ಉಂಟು.”

ಪಾಪವಂತೆ. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮಾಲು ಕಳೆದುಹೋದದ್ದು ಕಳಂಬೋಲಿಯ ಗೋಡೌನಿನಿಂದ, ಗೋಡೌನಿನ ಧಣಿ ಇದೇ ರಮಾಕಾಂತ. ಅವನ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಹಿಡಿಯಲು ಒಂದು ಎಳೆಯೂ ಸಿಕ್ಕಿರಲಿಲ್ಲ. ಅಷ್ಟು ಚೊಕ್ಕವಾಗಿ ಕದ್ದಿದ್ದ. ಕದ್ದ ಮೇಲೆ ಸುಮ್ಮನೆ ಕೂರಬೇಕಲ್ಲ? ನಮ್ಮ ಊರಿನವರಿಗೆ ಅದೊಂದು ಆಗದು. ಕದ್ದದ್ದರಲ್ಲೂ ದೇವರ ಪಾಲು ತೆಗೆದಿಡಬೇಕು, ಅದನ್ನು ಮೈಕಿನಲ್ಲಿ ನಾಲ್ಕು ಜನ ಕೇಳಬೇಕು, ಶಾಲು ಬೀಳಬೇಕು, ಫೋಟೋ ವಾಟ್ಸಾಪಿನಲ್ಲಿ ಊರಿಗೆ ಹೋಗಬೇಕು. ಇಲ್ಲದಿದ್ದರೆ ನಿದ್ದೆ ಹತ್ತದು.

“ಮುಕ್ತಾ, ಈ ಪೆಟ್ಟಿಗೆಗಳನ್ನು ಇನ್ನು ಯಾರೂ ಮುಟ್ಟುದು ಬೇಡ.”

“ಅಯ್ಯೋ, ಒಂದು ಪೆಟ್ಟಿಗೆ ಆಗಲೇ ಒಲೆಗೆ ಹೋಯಿತಲ್ಲ. ತುಪ್ಪದಲ್ಲಿ ಹುರಿತಾ ಇದ್ದಾರೆ.”

“ಅದು ಹೋಗಲಿ. ಉಳಿದದ್ದಕ್ಕೆ ನೀನು ಕಾವಲು.”

ಅವಳು ಯಾಕೆ ಎಂದು ಕೇಳಲಿಲ್ಲ. ಅಕ್ಕಿ ಮೂಟೆಯೊಂದನ್ನು ಬಾಗಿಲಿಗೆ ಎಳೆದು, ಅದರ ಮೇಲೆ ಕೂತು, ಒಣಮೆಣಸಿನ ತೊಟ್ಟು ಮುರಿಯತೊಡಗಿದಳು. ಆ ಬಾಗಿಲು ದಾಟುವ ಗಂಡಸು ಇನ್ನೂ ಹುಟ್ಟಿಲ್ಲ.

ನಾನು ಹೊರಗೆ ಬಂದು ಎರಡು ಫೋನು ಮಾಡಿದೆ. ಮೊದಲನೆಯದು ಮಾನಸಿಗೆ.

ಮಾನಸಿ ಚೆನ್ನಯನ ಮಗಳು. ಚೆನ್ನಯನದ್ದು ವಾಶಿಯಲ್ಲಿ ಸಣ್ಣ ಆಮದು ವ್ಯಾಪಾರ. ಬಂದರಿನಲ್ಲಿ ಮಾಲು ಬಿಡಿಸುವ ಲೈಸೆನ್ಸು ಮಗಳ ಹೆಸರಿನಲ್ಲಿದೆ. ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಕನ್ನಡದಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ.

ಆಫ್ರಿಕಾದ ಬಡ ದೇಶಗಳಿಂದ ಬರುವ ಮಾಲಿಗೆ ನಮ್ಮ ಸರ್ಕಾರ ಸುಂಕದಲ್ಲಿ ರಿಯಾಯಿತಿ ಕೊಡುತ್ತದೆ. ಷರತ್ತು ಒಂದೇ, ಮಾಲು ಅಲ್ಲಿಯದೇ ಆಗಿರಬೇಕು. ಇದನ್ನು ಹಿಡಿದುಕೊಂಡು ಮಾನಸಿ ತಾಂಜಾನಿಯಾದ ಕಡಲ ತೀರದ ಒಂದು ಮಹಿಳಾ ಸಂಘವನ್ನು ಹುಡುಕಿದ್ದಳು. ಅಲ್ಲಿನ ಹೆಂಗಸರು ಇಷ್ಟು ವರ್ಷ ಸಿಪ್ಪೆ ಸಮೇತ ಗೇರುಬೀಜ ಮಾರಿ, ಬಂದಷ್ಟಕ್ಕೆ ಕೈಮುಗಿಯುತ್ತಿದ್ದವರು. ಈಗ ತಾವೇ ಸುಲಿದು, ವಿಂಗಡಿಸಿ, ಪ್ಯಾಕ್ ಮಾಡಿ ಮೊದಲ ಕಂಟೇನರು ಕಳಿಸಿದ್ದರು. ಸುಂಕ ತೀರುವ ತನಕ ಮಾಲು ಇಟ್ಟದ್ದು ರಮಾಕಾಂತನ ಗೋಡೌನಿನಲ್ಲಿ. ಅಲ್ಲಿ ಕಸ್ಟಮ್ಸಿನವರು ಪೆಟ್ಟಿಗೆ ಒಡೆದರೆ ಒಳಗೆ ಬೇರೆ ಯಾವುದೋ ದೇಶದ ನುಚ್ಚು ಬೀಜ. ಸುಂಕ ತಪ್ಪಿಸಲು ಆಫ್ರಿಕಾದ ಹೆಸರು ಹಚ್ಚಿದ್ದಾರೆ ಎಂದು ಕೇಸು. ನಾಳೆ ಬೆಳಗ್ಗೆ ಸಾಹೇಬರು ಸಹಿ ಹಾಕಿದರೆ ಆ ಸಂಘಕ್ಕೆ ಸುಳ್ಳುಗಾರರೆಂಬ ಹೆಸರು, ಮತ್ತೆಂದೂ ರಿಯಾಯಿತಿ ಇಲ್ಲ. ಅದಿಲ್ಲದೆ ಇಲ್ಲಿನ ಬೆಲೆಗೆ ನಿಲ್ಲುವ ತಾಕತ್ತು ಅವರಿಗಿಲ್ಲ; ಮತ್ತೆ ಸಿಪ್ಪೆಯ ವ್ಯಾಪಾರವೇ ಗತಿ.

ನನ್ನ ಹತ್ತಿರ ಬಂದದ್ದು ಮಾನಸಿಯೇ, ಸಂಘದ ಪರವಾಗಿ ಅಲ್ಲಿಂದ ಬಂದ ಝೈತುನಿಯನ್ನು ಜೊತೆಗೆ ಕರೆದುಕೊಂಡು. ಚೆನ್ನಯ ಮೊದಲ ದಿನದಿಂದಲೂ, “ದಂಡ ಕಟ್ಟಿ ಮುಗಿಸುವ ನಳಿನಕ್ಕ, ಯಾಕೆ ಸುಮ್ಮನೆ,” ಎನ್ನುತ್ತಿದ್ದ. ಇಂದು ದೇವಸ್ಥಾನಕ್ಕೂ ಬಂದಿರಲಿಲ್ಲ. ಸೊಂಟ ನೋವಂತೆ.

“ಮಾನಸಿ, ಝೈತುನಿಯನ್ನು ಕರ್ಕೊಂಡು ದೇವಸ್ಥಾನಕ್ಕೆ ಬಾ. ಈಗಲೇ.”

“ಅಕ್ಕಾ, ಮಿಲಾ ಕ್ಯಾ ಕುಛ್?”

“ಸಿಕ್ಕಿತು. ರಿಕ್ಷಾ ಹತ್ತು.”

ಎರಡನೆಯ ಫೋನು ಕಸ್ಟಮ್ಸಿನ ಗುರುನಾಥ ಸಾಹೇಬರಿಗೆ. ಗದಗದ ಕಡೆಯವರು, ಕಲ್ಯಾಣದಲ್ಲಿ ಮನೆ. ನಾಳೆ ಸಹಿ ಹಾಕಬೇಕಾದವರು ಇವರೇ.

“ಸಾಹೇಬ್ರೇ, ದೇವಸ್ಥಾನದಲ್ಲಿ ಇಂದು ಅನ್ನಸಂತರ್ಪಣೆ. ಊಟಕ್ಕೆ ಬನ್ನಿ.”

“ಬಾಯಾರ, ನಿಮ್ಮ ಕೇಸು ನನ್ನ ಟೇಬಲ್ ಮ್ಯಾಲ ಐತಿ. ನಿಮ್ಮಲ್ಲಿ ಉಂಡ್ರ ಅದು ಲಂಚ ಅನಿಸ್ಕೋತದ.”

“ದೇವರ ಪ್ರಸಾದ ಲಂಚ ಹೇಗಾಗ್ತದೆ? ಬರುವಾಗ ಆ ಪೆಟ್ಟಿಗೆಯ ಫೋಟೋ ತನ್ನಿ. ಹೊರಗಿನ ರಟ್ಟಿನ ಮೇಲೆ ಪ್ರಿಂಟ್ ಉಂಟಲ್ಲ, ಅದರದ್ದು.”

ಅವರು ಬುದ್ಧಿವಂತರು.

“ಪ್ರಸಾದಕ್ಕ ಫೋಟೋ ಯಾಕ್ರೀ?”

“ಬನ್ನಿ, ಬಡಿಸುವಾಗ ಹೇಳ್ತೇನೆ.”

ಮಧ್ಯಾಹ್ನದ ಮಹಾಪೂಜೆ ಮುಗಿಯುವ ಹೊತ್ತಿಗೆ ಪೆಂಡಾಲು ತುಂಬಿತ್ತು. ಥಾಣೆಯಿಂದ, ಬದಲಾಪುರದಿಂದ ಬಂದ ಹೋಟೆಲಿನವರು, ಆಫೀಸಿನವರು, ಮಕ್ಕಳು ಮರಿ. ಮಾನಸಿ ಹಿಂದಿನ ಸಾಲಿನಲ್ಲಿದ್ದಳು. ಅವಳ ಪಕ್ಕದಲ್ಲಿ ಝೈತುನಿ. ಎತ್ತರದ ಹೆಂಗಸು, ನನ್ನದೇ ಪ್ರಾಯ, ತಲೆಗೆ ಹಳದಿ ಹೂವಿನ ಬಟ್ಟೆ. ಸಂಘದವರು ಚಂದಾ ಎತ್ತಿ ಅವಳಿಗೆ ವಿಮಾನದ ಟಿಕೆಟು ತೆಗೆಸಿದ್ದರು. ಉಗ್ರಾಣದಲ್ಲಿ ಆ ಪ್ಯಾಕೆಟ್ಟು ಕೈಗಿತ್ತಾಗ ಅವಳು ಅದನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ತಪ್ಪನ್ನು ಮೆಣಸಿನ ಘಾಟಿನ ಮೇಲೆ ಹಾಕಿದೆ.

ಗುರುನಾಥ ಸಾಹೇಬರು ಬಿಳಿ ಅಂಗಿ ಹಾಕಿ ಕಂಬಕ್ಕೆ ಒರಗಿ ನಿಂತಿದ್ದರು. ಅವರಿಗೆ ನಾನು ಹೇಳಿದ್ದು ಒಂದೇ ಮಾತು: ಸ್ಟೇಜಿನ ಮೇಲೆ ಕಿವಿ ಇಡಿ.

ಕಾರ್ಯಕ್ರಮ ನಡೆಸುತ್ತಿದ್ದ ಹುಡುಗ ಸಂದೇಶ ಮೈಕ್ ಹಿಡಿದು ಕೂಗಿದ, “ಈ ಸಲದ ಹೊರೆಕಾಣಿಕೆಯ ಮಹಾದಾನಿಗಳು, ಕಳಂಬೋಲಿಯ ಉದ್ಯಮಿ, ಕೊಡುಗೈ ದೊರೆ ಶ್ರೀ ರಮಾಕಾಂತಣ್ಣ ವೇದಿಕೆಗೆ ಬರಬೇಕು.”

ರಮಾಕಾಂತ ಬಂದ. ರೇಷ್ಮೆ ಶಲ್ಯ, ಹಣೆಗೆ ಗಂಧ, ಮುಖದ ತುಂಬ ವಿನಯ. ಶಾಲು ಬಿತ್ತು, ಹಾರ ಬಿತ್ತು, ಚಪ್ಪಾಳೆ ಬಿತ್ತು. ಎಲ್ಲವನ್ನೂ ಸಂದೇಶನ ತಮ್ಮ ಮೊಬೈಲಿನಲ್ಲಿ ಯೂಟ್ಯೂಬಿಗೆ ನೇರ ಪ್ರಸಾರ ಮಾಡುತ್ತಿದ್ದ.

ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಟೇಜು ಹತ್ತಿದೆ.

“ಮಹಿಳಾ ವಿಭಾಗದಿಂದ ನಾನೂ ಎರಡು ಮಾತು ಹೇಳ್ಬೇಕು,” ಎಂದು ಸಂದೇಶನಿಂದ ಮೈಕು ತೆಗೆದುಕೊಂಡೆ. “ರಮಾಕಾಂತಣ್ಣ, ನೀವು ಕೊಟ್ಟ ಗೇರುಬೀಜ ನೋಡಿ ಅಡುಗೆಯವರಿಗೆ ಪಾಯಸಕ್ಕೆ ಹಾಕ್ಲಿಕ್ಕೇ ಮನಸ್ಸಿಲ್ಲ. ಇಂಥದ್ದು ಎಲ್ಲಿ ಸಿಗ್ತದೆ ಅಂತ ಹೆಂಗಸರೆಲ್ಲ ಕೇಳ್ತಿದ್ದಾರೆ. ಸ್ವಲ್ಪ ಹೇಳಿ.”

ಮಾರ್ಕೆಟ್ಟಿನಲ್ಲಿ ಕೊಂಡೆ ಎಂದಿದ್ದರೆ ಮುಗಿಯುತ್ತಿತ್ತು. ಮೊಕದ್ದಮೆ ಹಳಸುವ ತನಕ ಎಳೆಯಬಹುದಿತ್ತು. ಆದರೆ ಎದುರಿಗೆ ತುಂಬಿದ ಪೆಂಡಾಲು, ಹೆಗಲ ಮೇಲೆ ಶಾಲು. ಕೊಂಡು ಕೊಟ್ಟೆ ಎಂದರೆ ಏನು ಗೌರವ? ದೇವರಿಗೆ ಸ್ವಂತದ್ದೇ ಕೊಟ್ಟೆ ಎನ್ನಬೇಕು.

“ಎಲ್ಲಿಯದ್ದೂ ಅಲ್ಲ ನಳಿನಕ್ಕ, ನಮ್ಮ ಮಣ್ಣಿನದ್ದೇ,” ಎಂದ ರಮಾಕಾಂತ, ಕೈಮುಗಿದು. “ಕಾರ್ಕಳದ ಹತ್ತಿರ ನಮ್ಮ ಭಾವನ ಫ್ಯಾಕ್ಟರಿ ಉಂಟು. ನಮ್ಮ ಗುಡ್ಡೆಯ ಬೀಜ, ನಮ್ಮವರೇ ಸುಲಿದದ್ದು. ಅಮ್ಮನಿಗೆ ಕೊಡುವಾಗ ಪೇಟೆಯದ್ದು ಕೊಡ್ಲಿಕ್ಕೆ ಆಗ್ತದಾ?”

ಚಪ್ಪಾಳೆ. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

“ಹಾಗಾದರೆ ಈ ಅಂಚಿನಲ್ಲಿ ಒತ್ತಿದ್ದು ಎಂತ ಹೇಳಿ.” ಪ್ಯಾಕೆಟ್ಟನ್ನು ಅವನ ಮುಂದೆ ಹಿಡಿದೆ. “ಎಂ, ಕೆ, ಏಳು. ನಿಮ್ಮ ಭಾವನ ಹೆಸರಾ?”

ಅವನು ಬೆರಳು ಆಡಿಸಿದ. ಆಗ ಮಾತ್ರ ಅವನಿಗೆ ಅದು ಸಿಕ್ಕಿದ್ದು. ಲೇಬಲ್ಲು ಕಿತ್ತವನು ಅಂಚು ನೋಡಿರಲಿಲ್ಲ.

“ಅದು ಮೆಷಿನಿನ ಗುರ್ತು. ಎಂತದೋ. ಅದನ್ನೆಲ್ಲ ನಾನು ನೋಡುದಿಲ್ಲ.”

“ನೋಡುವವರು ಇಲ್ಲೇ ಇದ್ದಾರೆ.”

ಝೈತುನಿ ಸ್ಟೇಜಿಗೆ ಬಂದಳು. ಅವಳು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

“ಎಂ ಕೆ ನಮ್ಮ ಸಂಘದ ಗುರುತು. ಏಳು ಅಂದರೆ ಏಳನೆಯ ಮೇಜು. ಹೆಚ್ಚುಕಮ್ಮಿ ಆದರೆ ಯಾವ ಮೇಜಿನದು ಎಂದು ತಿಳಿಯಲಿ ಅಂತ ನಾವೇ ಇಟ್ಟುಕೊಂಡದ್ದು. ಆ ಮೇಜಿನಲ್ಲಿ ಕೂರುವವರ ಹೆಸರು ಹೇಳಲೇ? ಅಶುರಾ. ಸೋಮೋಯೆ. ಹಲೀಮಾ. ಪಿಲಿ.”

ಪಿಲಿ ಎಂದದ್ದೇ ಪೆಂಡಾಲಿನಲ್ಲಿದ್ದ ತುಳುವರೆಲ್ಲ ನಕ್ಕರು. ನಮ್ಮಲ್ಲಿ ಪಿಲಿ ಅಂದರೆ ಹುಲಿ. ಝೈತುನಿಗೆ ಅದನ್ನು ಹೇಳಿದೆ. ಅವಳೂ ನಕ್ಕಳು.

“ಹುಲಿಯೇ ಅವಳು,” ಎಂದಳು. “ಗಂಡ ಬೇಡ ಅಂದರೂ ಕೇಳದೆ ಸಂಘಕ್ಕೆ ಬಂದವಳು. ಈ ಕೆಲಸ ನಿಂತರೆ ಅವಳು ಎಲ್ಲಿಗೆ ಹೋಗಬೇಕು ಎಂದು ಈ ಮನುಷ್ಯನನ್ನು ಕೇಳಿ.”

ನಾನು ಕೇಳಿದೆ. ಮೈಕಿನಲ್ಲೇ ಕೇಳಿದೆ. ರಮಾಕಾಂತ ಹಾರ ತೆಗೆದು ಕುರ್ಚಿಯ ಮೇಲಿಟ್ಟ.

“ಇದೆಲ್ಲ ಎಂತ ನಳಿನಕ್ಕ? ಮಾರ್ಕೆಟ್ಟಿನಲ್ಲಿ ಯಾರೋ ಕೊಟ್ಟರು, ನಾನು ತಕೊಂಡೆ.”

“ಈಗ ತಾನೆ ನಿಮ್ಮ ಗುಡ್ಡೆಯದ್ದು ಅಂದಿರಿ. ಯೂಟ್ಯೂಬಿನಲ್ಲಿ ನಿಮ್ಮ ಊರಿನವರೂ ನೋಡಿದ್ರು. ನಿಮ್ಮ ಭಾವನಿಗೆ ಫೋನು ಹಚ್ಚುವನಾ?”

ಗುರುನಾಥ ಸಾಹೇಬರು ಕಂಬ ಬಿಟ್ಟು ಬಂದರು. ಮೊಬೈಲಿನ ಫೋಟೋ ಒಂದು ಕಡೆ, ಪ್ಯಾಕೆಟ್ಟು ಒಂದು ಕಡೆ ಹಿಡಿದು ನೋಡಿದರು. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು.

“ರಟ್ಟಿನ ಮ್ಯಾಲೂ ಎಂ ಕೆ ಏಳು, ಇದರ ಮ್ಯಾಲೂ ಎಂ ಕೆ ಏಳು,” ಎಂದರು. “ಗೋಡೌನಿನ್ಯಾಗ ನಾವು ಒಡೆದ ಪೆಟ್ಟಿಗಿ ಒಳಗಿನ ಚೀಲದ ಅಂಚು ಮಾತ್ರ ಸಾಪು ಸಪಾಟು. ಒಳಗಿನ ಮಾಲು ತಗದು, ನುಚ್ಚು ತುಂಬ್ಯಾರ. ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರಿ. ಹೌದಲ್ರೀ ರಮಾಕಾಂತ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇವನು ಹೆಗಲ ಮೇಲಿನ ಶಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಅಷ್ಟಕ್ಕೆ ಸೋಲುವವನಲ್ಲ. ಜನರ ಕಡೆ ತಿರುಗಿ ದನಿ ಏರಿಸಿದ.

“ಆಯಿತು, ಏನಾದರೂ ಅನ್ನಿ. ಆದರೆ ಅದು ಈಗ ಅಮ್ಮನ ಸೊತ್ತು. ಸಂಕಲ್ಪ ಮಾಡಿ ಒಪ್ಪಿಸಿದ್ದು. ದೇವರಿಗೆ ಕೊಟ್ಟದ್ದನ್ನು ಸರ್ಕಾರದವರು ಉಗ್ರಾಣಕ್ಕೆ ಹೊಕ್ಕು ಎತ್ತಿಕೊಂಡು ಹೋಗುದನ್ನು ನೀವು ನೋಡ್ತಾ ಕೂರ್ತೀರಾ? ಬ್ರಹ್ಮಕಲಶದ ದಿವಸ?”

ಇದು ಪೆಟ್ಟು. ಹಿರಿಯರು ಮುಖ ಮುಖ ನೋಡಿಕೊಂಡರು. ದೇವರಿಗೆ ಒಪ್ಪಿಸಿದ್ದನ್ನು ಹಿಂದೆ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಆ ಪೆಟ್ಟಿಗೆಗಳು ಹೊರಗೆ ಬರದಿದ್ದರೆ ಸಾಹೇಬರ ಕೈಯಲ್ಲಿ ಉಳಿಯುವುದು ಒಂದು ಪ್ಯಾಕೆಟ್ಟು ಮಾತ್ರ. ಒಂದು ಪ್ಯಾಕೆಟ್ಟಿನಿಂದ ಇಡೀ ಕಂಟೇನರಿನ ಕಳಂಕ ತೊಳೆಯದು. ಝೈತುನಿ ನನ್ನ ಮುಖ ನೋಡಿದಳು.

ಮಾತಾಡಿದ್ದು ಮುಕ್ತಾ. ಉಗ್ರಾಣದ ಬಾಗಿಲಲ್ಲಿ, ಮೆಣಸಿನ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗುವುದಿಲ್ಲ.

“ಅಮ್ಮನಿಗೆ ಅಷ್ಟು ಬಡತನ ಬಂದಿಲ್ಲ ರಮಾಕಾಂತಣ್ಣ, ಕದ್ದದ್ದು ಉಣ್ಣುವಷ್ಟು. ನಿಮ್ಮದಲ್ಲದ್ದನ್ನು ನೀವು ಒಪ್ಪಿಸಿದ್ದು ಹೇಗೆ? ಉಗ್ರಾಣದ ಯಜಮಾನಿ ನಾನು, ನಾನು ಹೇಳ್ತೇನೆ. ಸಾಹೇಬ್ರೇ, ಒಳಗೆ ಬನ್ನಿ, ಚಪ್ಪಲಿ ಆಚೆ ಬಿಡಿ, ಪೆಟ್ಟಿಗೆ ತಕೊಂಡು ಹೋಗಿ.”

ಹೆಂಗಸರ ಕಡೆಯಿಂದ ಮೊದಲು ಒಂದು ಚಪ್ಪಾಳೆ, ಆಮೇಲೆ ಹತ್ತಾರು. ಹಿರಿಯರು ತಲೆಯಾಡಿಸಿದರು. ನಾನು ಇಷ್ಟು ವರ್ಷ ಎಷ್ಟೋ ಕಳ್ಳರನ್ನು ಹಿಡಿದಿದ್ದೇನೆ. ಇಡೀ ಪೆಂಡಾಲು ಜೊತೆಗೆ ನಿಂತು ಹಿಡಿದದ್ದು ಇದೇ ಮೊದಲು. ಎದೆ ಉಬ್ಬಿತು ಎಂದರೆ ಅದು ಸುಳ್ಳಲ್ಲ.

ಸಾಹೇಬರು ಫೋನು ಹಚ್ಚಿ ತಮ್ಮ ಜನರನ್ನು ಕಳಂಬೋಲಿಗೆ ಕಳಿಸಿದರು. ರಮಾಕಾಂತನನ್ನು ಆಫೀಸು ಕೋಣೆಯಲ್ಲಿ ಕೂರಿಸಿ ನಾವು ಕಾದೆವು. ಮೊದಲ ಪಂಕ್ತಿಯ ಊಟ ಏಳುವ ಹೊತ್ತಿಗೆ ಫೋನು ಬಂತು. ಗೋಡೌನಿನ ಹಿಂಬದಿ, ಕಬ್ಬಿಣದ ಪೈಪುಗಳ ಮರೆಯಲ್ಲಿ ಉಳಿದ ಮಾಲೂ ಸಿಕ್ಕಿತ್ತು. ಎಲ್ಲದರ ಅಂಚಿನಲ್ಲೂ ಎಂ ಕೆ.

ಗುರುನಾಥ ಸಾಹೇಬರು ಝೈತುನಿಯ ಎದುರು ಬಂದು ನಿಂತರು. ನಿಧಾನ ಇಂಗ್ಲಿಷಿನಲ್ಲಿ ಹೇಳಿದರು, “ಮೇಡಂ, ನಿಮ್ಮ ಸಂಘದ ಮೇಲಿನ ಆರೋಪ ನಾನು ಕೈಬಿಡುತ್ತೇನೆ. ಮಾಲು ನಿಮ್ಮದೇ. ರಿಯಾಯಿತಿ ನಿಮ್ಮದೇ. ನಿಮಗೆ ತೊಂದರೆ ಆಯಿತು, ಕ್ಷಮಿಸಿ.”

ಝೈತುನಿ “ನನ್ನ ಮಗಳೇ” ಎಂದು ಮಾನಸಿಯನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಆಮೇಲೆ ಝೈತುನಿ ಮುಕ್ತಾಳ ಹತ್ತಿರ ಹೋಗಿ, ಒಲೆಗೆ ಹೋದ ಪೆಟ್ಟಿಗೆ ತಮ್ಮ ಹೆಂಗಸರ ಕಾಣಿಕೆ ಎಂದು ತಿಳಿಯಿರಿ, ಎಂದಳು. ಸಂದೇಶ ಓಡಿಹೋಗಿ ಮೈಕು ಹಿಡಿದ. ಅಶುರಾ, ಸೋಮೋಯೆ, ಹಲೀಮಾ, ಪಿಲಿ ಎಂಬ ಹೆಸರುಗಳು ಡೊಂಬಿವಲಿಯ ಆಕಾಶದಲ್ಲಿ ಮೊಳಗಿದವು. ಅಶುರಾ ಎನ್ನುವಲ್ಲಿ ಅವನು ಸ್ವಲ್ಪ ತಡವರಿಸಿದ, ಆದರೂ ಬಿಡಲಿಲ್ಲ.

“ಇನ್ನೊಂದು ಉಳೀತು,” ಎಂದರು ಗುರುನಾಥ ಸಾಹೇಬರು, ಆಫೀಸು ಕೋಣೆಗೆ ವಾಪಸಾಗಿ. “ಗೋಡೌನಿನ್ಯಾಗ ಆ ಮಾಲು ಮೊದಲ ಇಟ್ಟಿದ್ದ ಖೋಲಿಗೆ ಎರಡು ಬೀಗ. ಒಂದರ ಕೀಲಿಕೈ ರಮಾಕಾಂತನ ಹಂತ್ಯಾಕ, ಇನ್ನೊಂದರದು ಮಾಲು ತರಿಸಿದವರ ಹಂತ್ಯಾಕ. ಎರಡೂ ಬೀಗ ಮುರದಿಲ್ಲ, ಗೀಚಿದ ಗುರುತೂ ಇಲ್ಲ. ಇವಾ ಒಬ್ಬನ ಕೈಲೆ ಆಗೂ ಕೆಲಸ ಅಲ್ಲ ಇದು.”

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ರಮಾಕಾಂತ ತಲೆ ಎತ್ತಿದ. ಅವನ ಮುಖದಲ್ಲಿ ನಗು ಇತ್ತು.

“ಅದನ್ನು ಮಾನಸಿಯ ಹತ್ತಿರ ಕೇಳಿ ನಳಿನಕ್ಕ,” ಎಂದ. “ಹಾಗೆಯೇ ಅವಳ ಅಪ್ಪನ ಸೊಂಟ ನೋವು ಈಗ ಹೇಗುಂಟು ಅಂತಲೂ ಕೇಳಿ.”

ದಂಡ ಕಟ್ಟಿ ಮುಗಿಸುವ, ಯಾಕೆ ಸುಮ್ಮನೆ. ಚೆನ್ನಯನ ಮಾತನ್ನು ನಾನು ಹೆದರಿಕೆ ಎಂದು ತಿಳಿದಿದ್ದೆ. ಮೊದಲ ದಿನವೇ ಮಾನಸಿ ನನಗೆ ಹೇಳಿದ್ದಳು, ಗೋಡೌನಿನ ಕೀ ಪಪ್ಪಾನ ಹತ್ತಿರ ಇರುತ್ತದೆ, ಯಾರಿಗೂ ಕೊಡುವುದಿಲ್ಲ ಎಂದು.

ಮಾನಸಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ಇನ್ನೂ ಝೈತುನಿಯ ಕೈಯೊಳಗಿತ್ತು. ಮುಖ ಬಿಳಿಚಿಕೊಂಡಿತ್ತು. ಅವಳಿಗೂ ಈಗಲೇ ಗೊತ್ತಾದದ್ದು. ಅದು ನೋಡಿದರೆ ತಿಳಿಯುತ್ತಿತ್ತು.

“ಮಾನಸಿ, ನೀನು ಸುಮ್ಮನಿರು,” ಎಂದೆ.

ಅವಳು ಸುಮ್ಮನಿರಲಿಲ್ಲ. ಸಾಹೇಬರನ್ನು ನೇರ ನೋಡಿದಳು. ಬಾಯಿ ಬಿಟ್ಟರೆ ಹಿಂದಿಯಾಡುವ ಹುಡುಗಿ, ಕನ್ನಡದಲ್ಲಿ, ತಡವರಿಸದೆ ಹೇಳಿದಳು.

“ಕೀ ನನ್ನ ಹತ್ತಿರ ಇತ್ತು ಸಾಹೇಬ್ರೇ. ಬೀಗ ತೆಗೆದದ್ದು ನಾನು. ಅಪ್ಪನಿಗೆ ಏನೂ ಗೊತ್ತಿಲ್ಲ. ಬರ್ಕೊಳ್ಳಿ.”

ಗುರುನಾಥ ಸಾಹೇಬರು ನನ್ನ ಕಡೆ ತಿರುಗಿದರು. ರಮಾಕಾಂತ ನಗುತ್ತಲೇ ಇದ್ದ.

ಝೈತುನಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಮಾನಸಿಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಸಂತೋಷ ತುಂಬಿದ ಮುಖದಲ್ಲಿ ನನ್ನನ್ನು ಕೇಳಿದಳು, “ನನ್ನ ಮಗಳು ಏನು ಹೇಳಿದಳು?”